ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಡಿ

ಮೈಸೂರು
ಜೂನ್ ೨೦೦೪

ಲಿಂಗರಾಜು ಮಾವನಿಗೆ ನಮಸ್ಕಾರ.

ನಮ್ಮ ಲಗ್ನಪತ್ರಿಕೆಯನ್ನು ಇನ್ನೂ ಅಚ್ಚಿಗೆ ಕೊಟ್ಟಿರದಿದ್ದರೆ ದಯವಿಟ್ಟು ತಡೆಯಿರಿ. ಫೋನಿನಲ್ಲಿ ಹೇಳೋಣವೆಂದರೆ ನಾಲಗೆ ಏಳಲಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಕೆಲಸ ಯೀಸ್ಟಿನದು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನು ಹುಳಿಸಿ ಮದ್ಯಸಾರ ಮಾಡುವ ಆ ಸೂಕ್ಷ್ಮಜೀವಿಯ ಜೀನುಗಳನ್ನು ಒಂದೊಂದಾಗಿ ತೆಗೆದು, ಇಳುವರಿ ಹೆಚ್ಚುತ್ತದೆಯೇ ಎಂದು ನೋಡುತ್ತೇವೆ. ಸೋಮವಾರ ನೋಡಿದರೆ, ನಾನು ಒಂದು ಜೀನು ತೆಗೆದಿದ್ದ ಯೀಸ್ಟು ಸೊರಗಿಹೋಗಿತ್ತು.

"ಈ ಜೀನು ಮನುಷ್ಯರಲ್ಲೂ ಇದೆ ಕಣಮ್ಮ" ಎಂದರು ನಮ್ಮ ಮೇಡಂ. "ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ, ಮಕ್ಕಳು ಹತ್ತು ಹನ್ನೆರಡು ವರ್ಷಕ್ಕೆ ಓಲಾಡ್ತಾ ನಡೀತಾರೆ. ಮಾತು ತೊದಲುತ್ತೆ. ಆಮೇಲೆ ಕಾಲೇ ನಿಲ್ಲಲ್ಲ."

ಅವರು ನನ್ನ ತಮ್ಮ ಚೆಲುವನನ್ನು ಕಂಡವರಲ್ಲ. ಅವನಿಗೂ ಹೀಗೇ ಅಲ್ಲವೇ ಶುರುವಾದದ್ದು, ಮಾವ?

ಅಮ್ಮ ಇಂದಿಗೂ "ಯಾರ್ ಕಣ್ ಬಿತ್ತೋ ಕಣವ್ವ" ಎನ್ನುತ್ತಾಳೆ. ಮೇಡಂ ಹೇಳಿದ್ದೇ ನಿಜವಾದರೆ ಆ ಕೆಟ್ಟ ಜೀನು ಅಮ್ಮನ ರಕ್ತದಲ್ಲೂ ಅಡಗಿದೆ. ನೀವು ಅವಳ ಒಡಹುಟ್ಟಿದ ತಮ್ಮ, ನಾನು ಅವಳ ಮಗಳು. ನಮ್ಮಿಬ್ಬರಲ್ಲೂ ಇರಬಹುದು.

ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾರಂತೆ. ಭಾನುವಾರ ಸರಗೂರಿನ ನಮ್ಮ ಮನೆಗೆ ಹೋಗಿ ಚೆಲುವನನ್ನು ಇಲ್ಲಿಗೆ ಕರೆತನ್ನಿ, ಮೂವರೂ ಬೆಂಗಳೂರಿಗೆ ಹೋಗೋಣ. ಬಸ್ಸು ಹತ್ತುವಾಗ ಅವನನ್ನು ಎತ್ತಿಕೊಳ್ಳಬೇಕಾಗುತ್ತದೆ. ಅವನ ಕಾಲು ತೋರಿಸಲು ಎಂದಷ್ಟೇ ಅಮ್ಮನಿಗೆ ಹೇಳಿ. ನಮ್ಮಿಬ್ಬರ ರಕ್ತವನ್ನೂ ಅಲ್ಲೇ ಕೊಡೋಣ. ಮದುವೆ ಬೇಡವೆನ್ನುವ ಹಾಗಾದರೆ ಅಮ್ಮನಿಗೆ ನಾನೇ ಹೇಳುತ್ತೇನೆ.

ಇಷ್ಟು ದಿನ ಪತ್ರದ ಕೊನೆಗೆ 'ನಿಮ್ಮವಳು' ಎಂದು ಬರೆಯುತ್ತಿದ್ದೆ. ಈ ಸಲ ಕೈ ಬರಲಿಲ್ಲ.

ನಿಮ್ಮ ಅಕ್ಕನ ಮಗಳು,
ಅನುಶ್ರೀ