ಭಿತ್ತಿಪತ್ರದಿಂದ ತೆಗೆಸಿದ ಎರಡನೇ ಸಾಲು

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನಿಮ್ಮ ಭಿತ್ತಿಪತ್ರ ನನ್ನ ಹೆಂಡತಿಯ ಚರ್ಮ ಸುಲಿದಿದೆ. ಅದನ್ನು ಅಚ್ಚು ಹಾಕಿದವನು ನಾನೇ ಆದ್ದರಿಂದ ಅರ್ಧ ಪಾಪ ನನ್ನದು. ಉಳಿದರ್ಧವನ್ನು ತಮಗೆ ಗೌರವಪೂರ್ವಕವಾಗಿ ಒಪ್ಪಿಸಲು ಈ ಪತ್ರ.

ಅವಳು ದರ್ಜಿ. ಹನ್ನೊಂದು ವರ್ಷದಿಂದ ಇಸುಬು. ಔಷಧದಂಗಡಿಯವನು ಚೀಟಿ ಕೇಳದೆ ಕೊಟ್ಟ ಕಡು ಸ್ಟೀರಾಯ್ಡ್ ಮುಲಾಮನ್ನು ಮೈತುಂಬ ಹಚ್ಚಿಕೊಂಡೇ ಅವಳ ಹೊಲಿಗೆ ಸಾಗಿತ್ತು. ಹಚ್ಚಿದರೆ ತಣ್ಣಗೆ, ಬಿಟ್ಟರೆ ಮೊದಲಿಗಿಂತ ಹೆಚ್ಚು ಕೆರೆತ. ಆ ಹನ್ನೊಂದು ವರ್ಷ ತಾವು ಯಾವ ಕಡತದ ಕೆಳಗೆ ಮಲಗಿದ್ದಿರಿ? ಎದ್ದ ಕೂಡಲೇ "ಸ್ಟೀರಾಯ್ಡ್ ಮುಲಾಮು ವಿಷ, ಇಂದೇ ಬಿಸಾಡಿ" ಎಂದು ಅಬ್ಬರಿಸಿದಿರಿ. ಸಾವಿರ ಪ್ರತಿ ಅಚ್ಚು ಹಾಕಿದ ನಾನು ಒಂದನ್ನು ಮನೆಗೆ ಒಯ್ದೆ. ಸರ್ಕಾರವೇ ಹೇಳಿದ ಮೇಲೆ ಮುಗಿಯಿತಲ್ಲ! ಟ್ಯೂಬುಗಳನ್ನೆಲ್ಲ ಸುತ್ತಿಗೆಯಿಂದ ಜಜ್ಜಿ ಚರಂಡಿಗೆ ಎಸೆದೆ.

ಐದನೇ ದಿನ ಅವಳ ಮೈ ಕೆಂಡವಾಯಿತು. ಮುಖ, ತೋಳು, ತೊಡೆಗಳೆಲ್ಲ ಊದಿ ನೀರು ಒಸರಿತು. ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರದಿಂದ ತನ್ನ ಕಾಲನ್ನೇ ಉಳುತ್ತಿದ್ದಳು. ರಕ್ತ ಹೊಲಿಗೆ ಯಂತ್ರದ ಪೆಡಲಿಗೆ ಇಳಿಯುತ್ತಿತ್ತು. ತಡೆಯಹೋದರೆ ನನ್ನ ಮಣಿಕಟ್ಟು ಕಚ್ಚಿದಳು. "ಬಿಡ್ರೀ! ಈ ಚರ್ಮಾನ ಕತ್ತರಿಸಿ ಎಸೀತೀನಿ!" ಎಂದು ಕತ್ತರಿಗೆ ಕೈ ಹಾಕಿದಳು. ನಾನು ಕೆನ್ನೆಗೆ ಬಾರಿಸಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು. ಅವಳ ಕೆನ್ನೆಯ ಸಿಪ್ಪೆ ನನ್ನ ಅಂಗೈಗೆ ಅಂಟಿಕೊಂಡು ಬಂತು.

ಆಸ್ಪತ್ರೆಯ ಚರ್ಮವೈದ್ಯೆ ಉಗಿದರು. "ವರ್ಷಗಟ್ಟಲೆ ಹಚ್ಚಿದ್ದನ್ನ ಹೀಗೆ ಒಂದೇ ಸಲ ನಿಲ್ಲಿಸ್ತಾರೇನ್ರೀ? ನಮ್ಮ ಕಣ್ಣೆದುರು, ಸ್ವಲ್ಪಸ್ವಲ್ಪವಾಗಿ ಇಳಿಸ್ಬೇಕು. ಯಾರ್ರೀ ನಿಮಗೆ ಹೇಳಿದ್ದು?"

ಯಾರು ಹೇಳಿದ್ದು, ಮಾನ್ಯರೇ? ನಿಮ್ಮ ಕರಡಿನಲ್ಲಿ ಎರಡನೇ ಸಾಲೊಂದಿತ್ತು: "ಬಹುಕಾಲ ಬಳಸಿದವರು ವೈದ್ಯರನ್ನು ಕಂಡು ಹಂತಹಂತವಾಗಿ ಕಡಿಮೆ ಮಾಡಿ." ಅದರ ಮೇಲೆ ತಮ್ಮ ಕೆಂಪು ಗೀಟು, ಪಕ್ಕದಲ್ಲಿ ಸಹಿ. "ಸಾಹೇಬ್ರಿಗೆ ಅಕ್ಷರ ದಪ್ಪ ಕಾಣ್ಬೇಕಂತೆ, ಇದನ್ನ ಕಿತ್ತಾಕಿ" ಎಂದ ನಿಮ್ಮ ಗುಮಾಸ್ತ. ತಾವೇ ಗೀಟೆಳೆದ ಮೇಲೆ ಅದು ಬೇಡದ ಮಾತೇ ಇರಬೇಕೆಂದು ನಂಬಿ ನಾನೂ ಕಿತ್ತುಹಾಕಿದೆ. ಅಕ್ಷರ ದಪ್ಪವಾಗಿಯೇ ಬಂತು. ಇನ್ನೆಷ್ಟು ಮನೆಗಳಲ್ಲಿ ಯಾರ್ಯಾರು ಮೈ ಹರಿದುಕೊಳ್ಳುತ್ತಿದ್ದಾರೋ, ಒಂದು ಸಲವಾದರೂ ವಿಚಾರಿಸಿದಿರಾ?

ಚೀಟಿಯಿಲ್ಲದೆ ಮಾರುವ ಅಂಗಡಿಗಳಿಗೆ ಬೀಗ ಜಡಿಯಿರಿ. ಈ ಮುಲಾಮು ಬಿಡಿಸಲೆಂದೇ ಪ್ರತಿ ಆಸ್ಪತ್ರೆಯಲ್ಲೂ ಒಂದು ಕೋಣೆ, ಒಬ್ಬ ವೈದ್ಯರನ್ನು ಕೊಡಿ. ಆ ಸಾಲು ಸೇರಿಸಿದ ಹೊಸ ಭಿತ್ತಿಪತ್ರ ಸಿದ್ಧವಿದೆ. ಸೋಮವಾರದೊಳಗೆ ಒಪ್ಪಿಗೆ ಬರಲಿ. ಬಾರದಿದ್ದರೆ ನಿಮ್ಮ ಗೀಟಿರುವ ಕರಡನ್ನೇ ಊರ ಗೋಡೆಗಳಿಗೆಲ್ಲ ಅಂಟಿಸುತ್ತೇನೆ. ಜೈಲಿಗೆ ಹಾಕಿಸುತ್ತೀರಾ? ಹಾಕಿಸಿ. ನಾನು ಔಷಧಿ ಹಚ್ಚಲು ಕೈ ಚಾಚಿದರೆ ನನ್ನ ಹೆಂಡತಿ ಈಗ ಮುಖ ಮುಚ್ಚಿಕೊಳ್ಳುತ್ತಾಳೆ.

ಇಂತಿ,
ತಾನು ಅಚ್ಚು ಹಾಕಿದ್ದನ್ನು ತಾನೇ ನಂಬಿದ
ಮುದ್ರಕ