ರೆಕ್ಕೆಯ ಮೇಲಿನ ಬಿಳಿ ಕಲೆ

ಕಾರ್ಖಾನೆಯ ಮಾಲೀಕರೂ ಆದ ಚಿಕ್ಕಪ್ಪನವರಿಗೆ,

ನಾರಿನ ಪದರಗಳನ್ನು ಅಂಟಿಸಿ ಮಾಡಿದ ವಿಮಾನದ ರೆಕ್ಕೆಗೆ ಇವತ್ತು ಬೆಳಿಗ್ಗೆ ನಾನು ದೀಪದ ಕಾವು ಕೊಟ್ಟಾಗ ಶಾಖದ ಕ್ಯಾಮೆರಾದಲ್ಲಿ ಬಿಳಿ ಕಲೆ ಕಂಡಿತು. ನೀವು ಎಲ್ಲರೆದುರು, "ಅದು ನಿನ್ನ ಕೈಬಿಸಿಯ ಗುರುತು ಕಣಮ್ಮ, ಒರಗಿಕೊಂಡಿರ್ತೀಯ" ಅಂದಿರಿ. ಎಲ್ಲರೂ ನಕ್ಕರು.

ಊಟದ ನಂತರ ಮತ್ತೆ ಕಾಯಿಸಿದೆ. ಕಲೆ ಅಲ್ಲೇ ಇದೆ. ಒಳಗೆ ಪದರ ಬಿಟ್ಟುಕೊಂಡ ಕಡೆ ಬಿಸಿ ಕೆಳಗಿಳಿಯದೆ ಮೇಲೇ ನಿಲ್ಲುತ್ತದೆ, ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುವುದು ಅದೇ. ಮೇಲೆ ಥಳಕು, ಒಳಗೆ ಹುಳುಕು. ಮನೆಯಲ್ಲಿ ನೀವು ಹಿರಿಯರು. ಹಾಗಂತ ರೆಕ್ಕೆ ನಿಮ್ಮ ಮಾತು ಕೇಳುವುದಿಲ್ಲ.

ನಾಳೆ ದಯವಿಟ್ಟು ಬಂದು ಕಲೆಯ ಪಕ್ಕದಲ್ಲಿ ನಿಮ್ಮ ಅಂಗೈ ಒತ್ತಿ. ಆ ಕೈಬಿಸಿ ಆರಿದ ಮೇಲೆ ದೀಪ ಹಾಕುತ್ತೇನೆ. ನಿಮ್ಮ ಗುರುತು ಮರಳಿ ಬರುವುದಿಲ್ಲ, ಕಲೆ ಬರುತ್ತದೆ. ಆಮೇಲೂ ಈ ರೆಕ್ಕೆ ಹಾರಬಹುದು ಅನ್ನಿಸಿದರೆ, ಅದೇ ಕೈಯಿಂದ ನೀವೇ ಸಹಿ ಹಾಕಿ.

ಇತಿ,
ಎರಡನೇ ಸಲ ಕೈ ಜೇಬಿನಲ್ಲಿಟ್ಟುಕೊಂಡೇ ಪರೀಕ್ಷಿಸಿದ
ನಿಮ್ಮ ಅಣ್ಣನ ಮಗಳು