ಮೊದಲ ಲೋಟ

ಅಪ್ಪಾ,

ನೀವು ತೀರಿಕೊಂಡ ಮೇಲೆ ತುಹಾಮಿ ಇವತ್ತೇ ಮೊದಲು ಫೆಸ್ ಊರಿನ ನಮ್ಮ ಸೂಫಿ ಮಠಕ್ಕೆ, ಈ ಝಾವಿಯಾಕ್ಕೆ, ಬಂದಿದ್ದ. ನಿಮ್ಮ ಮುದ್ದಿನ ಕಿರಿಮಗ. ಆಗೆಲ್ಲ ನಿಮ್ಮ ಬಲಗಡೆ ಕೂತು, ನಾನು ಸುರಿದ ಮೊದಲ ಲೋಟ ಚಹಾ ಕುಡಿಯುತ್ತಿದ್ದವನು ಇವತ್ತು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತ. ನೀವು ಗುರುವಾಗಿ ಕೂರುತ್ತಿದ್ದ ಕುರಿಚರ್ಮದ ಮೇಲೆ ಈಗ ನಾನಿದ್ದೇನೆ. ಅವನಿಗೆ ಮುಂದೆ ಬಾ ಎಂದು ನಾನು ಹೇಳಲಿಲ್ಲ.

ಝಿಕ್ರ್‌ನ ನಾಮಜಪ ಮುಗಿದು, ಎಲ್ಲರೂ ಒಟ್ಟಿಗೇ ಬಾಗಿ ಒಬ್ಬರ ಕೈಗೊಬ್ಬರು ಮುತ್ತಿಡುವ ಹೊತ್ತು. ಅಲ್ಲಿ ಹಿರಿಯ ಕಿರಿಯ ಇಲ್ಲವೆಂದು ಕಲಿಸಿದವರು ನೀವೇ. ತುಹಾಮಿಯ ಕೈ ಹಿಡಿದೆ, ನನ್ನ ಬೆನ್ನು ಬಾಗಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

"ಏನಣ್ಣಾ, ಇಷ್ಟೊತ್ತು ಅಲ್ಲಾಹ್ ಅಲ್ಲಾಹ್ ಅಂದಿದ್ದು ಬರೀ ಗಂಟಲಿಂದಾನಾ?" ಎಂದ ಮೆಲ್ಲಗೆ.

ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಬಾಗಿದೆ. ಅವನೂ ಬಾಗಿದ. ತಲೆಗೆ ತಲೆ ಬಡಿಯಿತು. ಅವನು ನಕ್ಕ. ನಾನು ಅವನ ಕೈಗೆ ಮುತ್ತಿಟ್ಟೆ.

ನನ್ನನ್ನೇ ನಾನು ಗೆದ್ದೆನೆಂದುಕೊಂಡು ಬಂದು ಕೂತೆ.

"ಮೊದಲ ಲೋಟ ತಮ್ಮನಿಗೇ ಅಲ್ವಾಪ್ಪಾ?"

ತಲೆಯೆತ್ತಿದೆ. ಚಹಾದ ಪಾತ್ರೆ ಹಿಡಿದು ನನ್ನ ಹಿರಿಮಗ ನಿಂತಿದ್ದ. ನನ್ನ ಬಲಗಡೆ ಕೂತಿದ್ದ ಕಿರಿಯವನು ಆಗಲೇ ಕೈ ಚಾಚಿದ್ದ.

ಎದ್ದು ಪಾತ್ರೆ ಇಸಿದುಕೊಂಡೆ. ಚಪ್ಪಲಿಗಳ ಕಡೆಯಿಂದ ಶುರುಮಾಡಿ ಚಹಾ ಸುರಿಯುತ್ತಾ ಬಂದೆ.

ಈ ಪಾತ್ರೆಯ ಹಿಡಿ ಸುಡುತ್ತದೆ, ಅಪ್ಪಾ. ನೀವು ಒಮ್ಮೆಯೂ ಹಿಡಿದು ನೋಡಲಿಲ್ಲ.